ಹೇಳಿಕೊಂಡರೆ ರೆಕ್ಕೆ ಹೋದೀತು

ಪೈಲಟ್ ಆಗಬಯಸುವವರು ಅಮೆರಿಕದಲ್ಲಿ ತುಂಬಬೇಕಾದ ವೈದ್ಯಕೀಯ ಅರ್ಜಿಯಲ್ಲಿ ಒಂದು ಪ್ರಶ್ನೆಯಿದೆ: ಖಿನ್ನತೆ, ಆತಂಕದಂಥ ಮಾನಸಿಕ ತೊಂದರೆ ನಿಮಗೆ ಎಂದಾದರೂ ಇತ್ತೇ? ‘ಹೌದು’ ಅಥವಾ ‘ಇಲ್ಲ’ ಎಂದು ಗುರುತು ಹಾಕಬೇಕು. ಅದಕ್ಕೆ ಕ್ಷಣ ಸಾಕು. ಆದರೆ ಆ ಕ್ಷಣದ ಅಂಜಿಕೆಗೆ ಹಳೆಯ ಇತಿಹಾಸವಿದೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಕಮಾಂಡಿನ 55,573 ಮಂದಿ ಸತ್ತರು. ರಾತ್ರಿಯಿಂದ ರಾತ್ರಿಗೆ ಸಹಚರರನ್ನು ಕಳೆದುಕೊಂಡು, ಇನ್ನು ಹಾರಲಾರೆ ಎಂದವನಿಗೆ ‘ಲ್ಯಾಕ್ ಆಫ್ ಮಾರಲ್ ಫೈಬರ್’, ಅಂದರೆ ಎದೆಗಾರಿಕೆಯಿಲ್ಲದವನು ಎಂಬ ಹಣೆಪಟ್ಟಿ ಬೀಳಬಹುದಿತ್ತು. ಹಾಗಾದರೆ ಸಮವಸ್ತ್ರದ ಮೇಲಿನ ರೆಕ್ಕೆಯ ಲಾಂಛನ ಕಿತ್ತುಕೊಳ್ಳುತ್ತಿದ್ದರು. ಅವರೆಲ್ಲ ತಾವಾಗಿಯೇ ಹಾರಲು ಮುಂದೆ ಬಂದವರು ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಉಳಿದವರು ಕಲಿತ ಪಾಠ ಒಂದೇ: ಬಾಯಿ ಬಿಡಬಾರದು.

ಯುದ್ಧ ಮುಗಿದರೂ ಆ ಪಾಠ ಮುಗಿಯಲಿಲ್ಲ. ಅಮೆರಿಕದಲ್ಲಿ 2010ರವರೆಗೆ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರು ವಿಮಾನ ಹಾರಿಸುವಂತಿರಲಿಲ್ಲ. ಹೀಗಾಗಿ ಕಾಯಿಲೆಯನ್ನು ಮುಚ್ಚಿಟ್ಟು ಹಾರುವುದು, ಇಲ್ಲವೇ ಚಿಕಿತ್ಸೆಯನ್ನೇ ಬಿಡುವುದು ಕೆಲವರ ದಾರಿಯಾಯಿತು. ಆ ವರ್ಷ ಸರ್ಕಾರ ನಾಲ್ಕು ಔಷಧಿಗಳಿಗೆ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿತು. ಅದುವರೆಗೆ ಮುಚ್ಚಿಟ್ಟವರು ಆರು ತಿಂಗಳೊಳಗೆ ಹೇಳಿಕೊಂಡರೆ ಆ ಸುಳ್ಳಿಗಾಗಿ ಕ್ರಮವಿಲ್ಲ ಎಂದಿತು. ಶಿಕ್ಷೆಯ ಭಯವೇ ಸುಳ್ಳು ಹೇಳಿಸುತ್ತದೆಂದು ಸರ್ಕಾರವೇ ಒಪ್ಪಿಕೊಂಡಂತೆ ಅದು.

ಅದೇ 2010ರಲ್ಲಿ ಜರ್ಮನಿಯ ಒಬ್ಬ ತರುಣ, ಪೈಲಟ್ ತರಬೇತಿಗೆಂದು, ಅದೇ ಅರ್ಜಿ ತುಂಬಿದ. ಹಿಂದೆ ಖಿನ್ನತೆಯಿಂದ ಅವನ ತರಬೇತಿ ನಿಂತಿತ್ತು. ಚಿಕಿತ್ಸೆ ಪಡೆದು ಮರಳಿದ್ದ. ಅರ್ಜಿಯಲ್ಲಿ ಮೊದಲು ‘ಇಲ್ಲ’ ಎಂದಿತ್ತು, ಅನಂತರ ‘ಹೌದು’ ಎಂದು ತಿದ್ದುಪಡಿಯಾಯಿತು. ಹೇಳಿಕೊಂಡದ್ದರಿಂದ ಅವನ ಕನಸು ಮುರಿಯಲಿಲ್ಲ. ಅವನು ಪೈಲಟ್ ಆದ.

ಆದರೆ ಕಾಯಿಲೆ ಮರುಕಳಿಸಿದಾಗ ಅವನು ಕಂಪನಿಗೆ ತಿಳಿಸಲಿಲ್ಲ. ಕಂಡ ವೈದ್ಯರೂ ವಿಮಾನಯಾನ ಇಲಾಖೆಗೆ ತಿಳಿಸಲಿಲ್ಲ. 2015ರ ಮಾರ್ಚ್ 24ರಂದು ಬಾರ್ಸಿಲೋನಾದಿಂದ ಹೊರಟ ಜರ್ಮನ್‌ವಿಂಗ್ಸ್ ವಿಮಾನವನ್ನು ಅವನು ಬೇಕೆಂದೇ ಫ್ರಾನ್ಸಿನ ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿದ. ಅವನೂ ಸೇರಿ 150 ಮಂದಿ ಸತ್ತರು. ಆ ಕೃತ್ಯಕ್ಕೆ ಯಾವ ಕ್ಷಮೆಯೂ ಇಲ್ಲ. ಖಿನ್ನತೆಯಿರುವವರೆಲ್ಲ ಅಪಾಯಕಾರಿಗಳು ಎಂಬುದೂ ಅದರಿಂದ ಸಾಬೀತಾಗುವುದಿಲ್ಲ.

ಫ್ರಾನ್ಸಿನ ತನಿಖಾ ವರದಿ ಮಾತ್ರ ಒಂದು ಮುಖ್ಯ ಮಾತು ಹೇಳಿತು: ಹಾರುವ ಹಕ್ಕು ಹೋದರೆ ಸಂಪಾದನೆಯೂ ಹೋದೀತೆಂಬ ಭಯ ಪೈಲಟ್‌ಗಳ ಬಾಯಿ ಕಟ್ಟುತ್ತದೆ. ಅವನ ತಲೆಯ ಮೇಲೂ ತರಬೇತಿಗಾಗಿ ಮಾಡಿದ ಸಾಲವಿತ್ತು. ಆಮೇಲೆ ಯುರೋಪಿನ ನಿಯಮಗಳಲ್ಲಿ ಮನೋಪರೀಕ್ಷೆಯ ಜೊತೆಗೆ, ಪೈಲಟ್‌ಗಳು ತಮ್ಮವರೆದುರೇ ಕಷ್ಟ ಹೇಳಿಕೊಳ್ಳುವ ವ್ಯವಸ್ಥೆಯೂ ಕಡ್ಡಾಯವಾಯಿತು.

ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಯ ದಿನ ಚೆನ್ನಾಗಿದ್ದವನು ಆರು ತಿಂಗಳ ಬಳಿಕ ಕುಸಿಯಬಹುದು. ಆಗ ಅದು ಮೊದಲು ಗೊತ್ತಾಗುವುದು ಅವನೊಬ್ಬನಿಗೇ. ‘ಹೌದು’ ಎಂದು ಬರೆದವನಿಗೆ ಮರಳಿ ಬರುವ ದಾರಿಯೂ, ಅಲ್ಲಿಯವರೆಗೆ ಊಟಕ್ಕೊಂದು ದಾರಿಯೂ ಇದ್ದರಷ್ಟೇ ಅವನು ಅದನ್ನು ಬರೆದಾನು.