ಕೋಳಿಗೆ ಸೊಪ್ಪು ಹಾಕಿದವರು

“ಅವನ ಮಾತಿಗೆ ನಾನೇನೂ ಸೊಪ್ಪು ಹಾಕುವುದಿಲ್ಲ” ಎಂಬ ಮಾತನ್ನು ನೀವು ಎಷ್ಟೋ ಸಲ ಕೇಳಿರುತ್ತೀರಿ. ಸೊಪ್ಪು ಹಾಕುವುದೆಂದರೆ ಆದರಿಸುವುದು, ಲೆಕ್ಕಕ್ಕೆ ತೆಗೆದುಕೊಳ್ಳುವುದು. ಮಾತಿನಲ್ಲಿ ಇಷ್ಟು ಮರ್ಯಾದೆ ಪಡೆದ ಸೊಪ್ಪು ನಮ್ಮ ಹಿತ್ತಲಿನಲ್ಲಿ ಮಾತ್ರ ಕಸದೊಡನೆ ಹೊರಗೆ ಬೀಳುತ್ತದೆ. ಮನೆಯಲ್ಲಿ ನಾಲ್ಕು ಕೋಳಿ ಸಾಕಿದವರು ಕೂಡ ಕಾಳಿನ ಬೆಲೆಯನ್ನು ನೆನೆದು ಪೇಚಾಡುವರೇ ಹೊರತು, ಬೇಲಿಯ ಮಗ್ಗುಲಲ್ಲಿ ಬಿಟ್ಟಿಯಾಗಿ ಬೆಳೆದ ಹಸುರನ್ನು ಕಣ್ಣೆತ್ತಿ ನೋಡುವುದಿಲ್ಲ. ಒಂದು ಕಾಲದಲ್ಲಿ ಇಡೀ ದೇಶವೇ ಅದನ್ನು ಹುಡುಕಿಕೊಂಡು ಹೊರಟಿತ್ತು. ಆ ಕಥೆಯನ್ನು ಕೇಳಿ.

೧೯೩೯ರಲ್ಲಿ ಎರಡನೆಯ ಮಹಾಯುದ್ಧ ಮೊದಲಾದಾಗ ಬ್ರಿಟನ್ನಿನ ಕೋಳಿಗಳು ತಿನ್ನುತ್ತಿದ್ದ ಕಾಳಿನಲ್ಲಿ ಬಹುಪಾಲು ಹಡಗಿನಲ್ಲಿ ಬರುತ್ತಿತ್ತು. ಜರ್ಮನಿಯ ಜಲಾಂತರ್ಗಾಮಿಗಳು ಆ ಹಡಗುಗಳನ್ನು ಮುಳುಗಿಸತೊಡಗಿದುವು. ಉಳಿದ ಹಡಗುಗಳಲ್ಲಿ ಮನುಷ್ಯರ ಆಹಾರಕ್ಕೆ ಮೊದಲು ಜಾಗ. ಇದ್ದಷ್ಟು ಮೇವಿನಲ್ಲಿ ಹಾಲು ಕೊಡುವ ಹಸುವಿಗೆ ಅಗ್ರಸ್ಥಾನ. ಕೋಳಿಯ ಸರದಿ ಹಿಂದಕ್ಕೆ ಹೋಯಿತು. ದೊಡ್ಡ ಸಾಕಣೆದಾರರು ತಮ್ಮ ಹಿಂಡುಗಳನ್ನು ತಗ್ಗಿಸಬೇಕಾಯಿತು. ೧೯೪೧ರಲ್ಲಿ ಮೊಟ್ಟೆಗೂ ಪಡಿತರ ಬಂದಿತು: ಒಬ್ಬರಿಗೆ ವಾರಕ್ಕೆ ಒಂದು ಮೊಟ್ಟೆ, ಅದೂ ಸಿಕ್ಕಿದರೆ.

ಆಗ ಸರ್ಕಾರ ಸಂಸಾರಸ್ಥರ ಮುಂದೆ ಒಂದು ಒಪ್ಪಂದವನ್ನು ಇಟ್ಟಿತು. ಮನೆಯಲ್ಲಿ ಕೋಳಿ ಸಾಕುವವರು ತಮ್ಮ ಪಾಲಿನ ಮೊಟ್ಟೆಯ ಪಡಿತರವನ್ನು ಬಿಟ್ಟುಕೊಟ್ಟರೆ ಅದಕ್ಕೆ ಬದಲಾಗಿ ಕೋಳಿಗಳಿಗೆ ಒಂದು ಬಗೆಯ ಪೂರಕ ಹಿಟ್ಟು ದೊರೆಯುವುದು. ಈ ಒಪ್ಪಂದದ ಬಿಸಿಯನ್ನು ನೀವು ಗಮನಿಸಬೇಕು. ಚಳಿಗಾಲದ ಮೋಟು ಹಗಲಿನಲ್ಲಿ ಹೇಂಟೆ ಮೊಟ್ಟೆ ನಿಲ್ಲಿಸೀತು. ಪುಕ್ಕ ಉದುರಿಸಿಕೊಂಡು ವಾರಗಟ್ಟಲೆ ಸುಮ್ಮನೆ ಕುಳಿತೀತು. ಅಂಗಡಿಯ ಮೊಟ್ಟೆಯನ್ನು ಕೈಬಿಟ್ಟ ತಾಯಿ ಆಗ ಮಕ್ಕಳ ತಟ್ಟೆಗೆ ಏನನ್ನು ಹಾಕಬೇಕು? ಕೊಟ್ಟ ಹಿಟ್ಟಾದರೂ ಹೊಟ್ಟೆ ತುಂಬ ಸಾಲುವಂಥದಲ್ಲ. ಅಡುಗೆಮನೆಯ ಬೇಯಿಸಿದ ಉಳಿಕೆಯೊಡನೆ ಕಲಸುವುದಕ್ಕೆ ಮಾತ್ರ ಅದು. ಮಿಕ್ಕದ್ದನ್ನು ಮನೆಯವರೇ ಹುಡುಕಬೇಕು.

ಹುಡುಕಿದರು. ಕೋಸಿನ ಹೊರಗಿನ ಎಲೆ, ಬಟಾಣಿಯ ಸಿಪ್ಪೆ, ಡ್ಯಾಂಡಿಲಯನ್ ಎಂಬ ಕಳೆ, ಬೇಯಿಸಿದ ತುರಿಕೆಗಿಡ, ಹುಲ್ಲುಹಾಸಿನಿಂದ ಕತ್ತರಿಸಿದ ಎಳೆಯ ಹುಲ್ಲು, ಯಾವುದೂ ವ್ಯರ್ಥವಾಗಲಿಲ್ಲ. ಅಲ್ಲಿ ‘ಚಿಕ್‌ವೀಡ್’ ಎಂಬ ಒಂದು ಸಣ್ಣ ಕಳೆಯುಂಟು. ಹೆಸರಿನ ಅರ್ಥವೇ ‘ಕೋಳಿಮರಿಯ ಕಳೆ’. ಹಳ್ಳಿಯ ಅಜ್ಜಿಯರು ಬಲ್ಲ ವಿದ್ಯೆಯನ್ನು ಭಾಷೆ ಬಚ್ಚಿಟ್ಟುಕೊಂಡಿತ್ತು. ಪಟ್ಟಣದವರು ಯುದ್ಧಕಾಲದಲ್ಲಿ ಅದನ್ನು ಮತ್ತೆ ಕಲಿತರು. ರೇಡಿಯೋ ಕೂಡ ಕೈಜೋಡಿಸಿತು. ಸಿ. ಎಚ್. ಮಿಡ್ಲ್‌ಟನ್ ಅವರ ತೋಟಗಾರಿಕೆಯ ಭಾಷಣವನ್ನು ಭಾನುವಾರ ಮಧ್ಯಾಹ್ನ ಲಕ್ಷಾಂತರ ಮಂದಿ ಕೇಳುತ್ತಿದ್ದರು. ಹೂವಿನ ಪಾತಿಯಲ್ಲಿ ತರಕಾರಿ ಬೆಳೆದರು. ತರಕಾರಿಯ ಹೊರಎಲೆ ಕೋಳಿಗೆ ಬಂದಿತು. ಕೋಸಿನ ಬುಡವನ್ನು ಹುರಿಯಲ್ಲಿ ತೂಗುಹಾಕಿದರೆ ಕೋಳಿಗಳು ನೆಗೆನೆಗೆದು ಕುಕ್ಕಿ ತಿನ್ನುತ್ತಿದ್ದುವು. ಬ್ರಿಟನ್ನಿನಲ್ಲಿ ಮೊಟ್ಟೆಯ ಪಡಿತರ ಕೊನೆಗಂಡದ್ದು ೧೯೫೩ರಲ್ಲಿ. ಅಲ್ಲಿಯವರೆಗೆ ಈ ಹಿತ್ತಲುಗಳೇ ಎಷ್ಟೋ ಮನೆಗಳನ್ನು ಕಾಪಾಡಿದುವು.

ಸೊಪ್ಪಿನಲ್ಲಿ ಅಂಥದೇನಿದೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಕೊಟ್ಟದ್ದೂ ಕೋಳಿಮರಿಯೇ. ೧೯೨೯ರ ಸುಮಾರಿನಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಎಂಬ ವಿಜ್ಞಾನಿ ಬೇರೊಂದು ವಿಷಯದ ಶೋಧನೆಗಾಗಿ ಕೋಳಿಮರಿಗಳಿಗೆ ಕೊಬ್ಬು ತೆಗೆದ ಆಹಾರವನ್ನು ಕೊಡುತ್ತಿದ್ದರು. ಕೆಲವು ವಾರಗಳಲ್ಲಿ ಮರಿಗಳ ಚರ್ಮದಡಿಯಲ್ಲಿ ರಕ್ತ ಸೋರತೊಡಗಿತು. ಸೋರಿದ ರಕ್ತ ಬೇಗನೆ ಹೆಪ್ಪುಗಟ್ಟಲಿಲ್ಲ. ನಿಂಬೆಯ ರಸದಿಂದ ಗುಣ ಕಾಣಲಿಲ್ಲ. ಹಸುರೆಲೆಯಿಂದ ಗುಣ ಕಂಡಿತು. ಎಲೆಯಲ್ಲಿದ್ದ ಆ ಸತ್ತ್ವಕ್ಕೆ ಅವರು ೧೯೩೫ರಲ್ಲಿ ‘ಕೆ’ ಜೀವಸತ್ತ್ವವೆಂದು ಹೆಸರಿಟ್ಟರು. ೧೯೪೩ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಅಮೆರಿಕದ ಎಡ್ವರ್ಡ್ ಡಾಯ್ಸಿಯವರಿಗೂ ಪಾಲು ದೊರೆಯಿತು. ಇಂದು ಆಸ್ಪತ್ರೆಯಲ್ಲಿ ಆಗತಾನೆ ಹುಟ್ಟಿದ ಕೂಸಿಗೆ ರಕ್ತಸ್ರಾವವಾಗದಂತೆ ಚುಚ್ಚುವ ಮದ್ದು ಇದೇ. ಕೋಳಿಗೆ ಸಿಕ್ಕದೆ ಹೋದ ಒಂದು ಹಿಡಿ ಸೊಪ್ಪು ಎಷ್ಟು ತೊಟ್ಟಿಲುಗಳನ್ನು ಕಾಯ್ದಿದೆ, ನೋಡಿ!

ಇನ್ನು ನಮ್ಮ ಹಿತ್ತಲಿಗೆ ಬರೋಣ. ಗೋಣಿಸೊಪ್ಪು, ಹರಿವೆ, ಬಲಿತ ದಂಟಿನ ಎಲೆ, ನುಗ್ಗೆಯ ಸೊಪ್ಪು, ಕುದುರೆಗೆಂದು ಬೆಳೆಯುವ ಕುದುರೆಮಸಾಲೆ ಸೊಪ್ಪು, ಇವೆಲ್ಲ ಕೋಳಿಗೆ ಹಿತ. ಮೊಟ್ಟೆಯ ಭಂಡಾರಕ್ಕೆ ಹೊಂಬಣ್ಣ ಬರುವುದೂ ಇಂಥ ಹಸುರಿನಿಂದಲೇ. ಮಾರುಕಟ್ಟೆಯಲ್ಲಿ ಕಿತ್ತೆಸೆದ ಕೋಸಿನ ಎಲೆಗೆ ಕಾಸು ಕೊಡಬೇಕಾಗಿಲ್ಲ. ಆದರೆ ಔಷಧಿ ಹೊಡೆದಿರಬಹುದಾದುದರಿಂದ ಚೆನ್ನಾಗಿ ತೊಳೆಯಬೇಕು. ಉದ್ದನೆಯ ಹುಲ್ಲನ್ನು ಹೆಚ್ಚಿಯೇ ಹಾಕಬೇಕು. ಇಲ್ಲವಾದರೆ ಕೋಳಿಯ ಕತ್ತಿನ ಬುಡದ ಚೀಲದಲ್ಲಿ ಸಿಕ್ಕಿಕೊಳ್ಳುತ್ತದೆ. ಕಣಗಿಲೆ ವಿಷ; ಅದರ ಹತ್ತಿರ ಹೋಗಬೇಡಿ. ಹಸುರಾದ ಆಲೂಗಡ್ಡೆಯ ಸಿಪ್ಪೆಯೂ ಬೇಡ. ಸೊಪ್ಪೊಂದರಿಂದಲೇ ಕೋಳಿ ಬದುಕೀತೆಂದೂ ಎಣಿಸಬೇಡಿ. ಅದು ಪಲ್ಯವೇ ಹೊರತು ಅನ್ನವಲ್ಲ. ಕಾಳು, ಹಿಂಡಿ ಬೇಕೇ ಬೇಕು.

ನಾಳೆ ಬೆಳಿಗ್ಗೆ ಸೊಪ್ಪು ಸೋಸುವಾಗ ಬಲಿತ ಎಲೆಗಳನ್ನು ಬೇರೆ ತೆಗೆದಿಡಿ. ನನ್ನ ಮಾತಿಗೆ ಅಲ್ಲದಿದ್ದರೂ ನಿಮ್ಮ ಕೋಳಿಗಾದರೂ ಸೊಪ್ಪು ಹಾಕಿ.