ರಾಯಚೂರು ಕೋಟೆ

ರಾಯಚೂರು ಕೋಟೆಯು ಕರ್ನಾಟಕದ ರಾಯಚೂರು ನಗರದಲ್ಲಿರುವ ಮಧ್ಯಯುಗದ ಗಡಿದುರ್ಗ. ಉತ್ತರದ ಕೃಷ್ಣಾ ಹಾಗೂ ದಕ್ಷಿಣದ ತುಂಗಭದ್ರಾ ನದಿಗಳ ನಡುವಣ ಫಲವತ್ತಾದ ಸೀಮೆಯನ್ನು ಶಾಸನಗಳು ಎಡೆದೊರೆ ನಾಡು ಎಂದು ಕರೆಯುತ್ತವೆ. ಇತಿಹಾಸದ ಪುಸ್ತಕಗಳಲ್ಲಿ ಇದೇ ರಾಯಚೂರು ದೋಆಬ್. ಕೋಟೆಯು ಯಾವ ನದಿಯ ದಡದಲ್ಲೂ ಇಲ್ಲ. ಆದರೂ ಅದರ ಚರಿತ್ರೆಯನ್ನು ರೂಪಿಸಿದ್ದು ಈ ಎರಡು ಹೊಳೆಗಳೇ. ಗಡಿ ಕೃಷ್ಣೆಯೋ ತುಂಗಭದ್ರೆಯೋ ಎಂಬ ವ್ಯಾಜ್ಯವು ವಿಜಯನಗರಕ್ಕೂ ಬಹಮನಿಗಳಿಗೂ, ಬಳಿಕ ಬಿಜಾಪುರದ ಆದಿಲ್‌ಶಾಹಿಗಳಿಗೂ ನಡುವೆ ಸುಮಾರು ಎರಡು ಶತಮಾನಗಳ ಕಾಲ ನಡೆಯಿತು.

ನಿರ್ಮಾಣ

ಒಳಕೋಟೆಯ ಪಶ್ಚಿಮ ಗೋಡೆಯಲ್ಲಿ 41 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿದ್ದು, ಅದರ ಮೇಲೆ ತೆಲುಗು ಶಾಸನವಿದೆ. ಕಾಕತೀಯರ ದಂಡನಾಯಕ ವಿಠ್ಠಲನಾಥನ ಅಧಿಕಾರಿ ಗೋರೆ ಗಂಗಯ್ಯ ರೆಡ್ಡಿಯು ಕ್ರಿ.ಶ. 1294ರಲ್ಲಿ ಈ ಕೋಟೆಯನ್ನು ಕಟ್ಟಿಸಿದನೆಂದು ಅದರಿಂದ ತಿಳಿಯುತ್ತದೆ. ಅಷ್ಟು ದೊಡ್ಡ ಬಂಡೆಯನ್ನು ಸಾಗಿಸಿದ್ದು ಹೇಗೆಂಬ ಪ್ರಶ್ನೆಗೆ ಶಿಲ್ಪಿಗಳೇ ಉತ್ತರ ಬಿಟ್ಟುಹೋಗಿದ್ದಾರೆ: ಬಂಡಿಯ ಮೇಲೆ ಬಂಡೆಯನ್ನು ಹೇರಿ, ಸಾಲು ಕೋಣಗಳನ್ನು ಹೂಡಿ ಎಳೆಯುತ್ತಿರುವ ದೃಶ್ಯವನ್ನು ಅಲ್ಲಿಯೇ ಕೊರೆಯಲಾಗಿದೆ. ಒಳಗೋಡೆಯ ಭಾರೀ ಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಲಾಗಿದೆ. ಕೋಟೆಯೊಳಗಿನ ಏಕ್ ಮಿನಾರ್ ಮಸೀದಿಯು ಬಹಮನಿ ಆಳ್ವಿಕೆಯ ಕೊನೆಗಾಲದ್ದು (1513–14).

1520ರ ಕದನ

ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಜ್ ಈ ಯುದ್ಧದ ವಿಸ್ತಾರವಾದ ವರದಿಯನ್ನು ಬರೆದಿದ್ದಾನೆ. ಅವನ ಪ್ರಕಾರ, ಗೋವೆಯಲ್ಲಿ ಕುದುರೆ ಕೊಳ್ಳಲೆಂದು ಕೃಷ್ಣದೇವರಾಯನು 40,000 ಪರ್ದಾವ್‌ ಕೊಟ್ಟು ಕಳುಹಿಸಿದ್ದ ಸೈಯದ್ ಮರಕ್ಕಾರ್ ಎಂಬವನು ಹಣದೊಂದಿಗೆ ಇಸ್ಮಾಯಿಲ್ ಆದಿಲ್ ಶಾಹನ ಆಶ್ರಯಕ್ಕೆ ಓಡಿಹೋದನು. ಅವನನ್ನು ಒಪ್ಪಿಸದಿದ್ದುದೇ ದಂಡಯಾತ್ರೆಗೆ ನೆಪವಾಯಿತು. ಇದು ನೆಪ ಮಾತ್ರ. ರಾಯನಿಗೆ ಬೇಕಾಗಿದ್ದುದು ದೋಆಬ್.

ರಾಯನು ಕೋಟೆಯನ್ನು ಮುತ್ತಿದಾಗ ಇಸ್ಮಾಯಿಲನು ಕೃಷ್ಣೆಯನ್ನು ದಾಟಿ ಬಂದನು. ಬಿಜಾಪುರದ ಫಿರಂಗಿಗಳು ಒಟ್ಟಿಗೆ ಗುಂಡು ಹಾರಿಸಿದಾಗ ವಿಜಯನಗರದ ಮುಂಚೂಣಿ ಚದುರಿತು. ಆಗ ರಾಯನು ತನ್ನ ಉಂಗುರವನ್ನು ಸೇವಕನೊಬ್ಬನಿಗೆ ಕೊಟ್ಟು, ತಾನು ಮಡಿದರೆ ಅದನ್ನು ರಾಣಿಯರಿಗೆ ತೋರಿಸುವಂತೆ ಹೇಳಿ ಮುನ್ನುಗ್ಗಿದನೆಂದು ನೂನಿಜ್ ಬರೆಯುತ್ತಾನೆ. ಮತ್ತೆ ಫಿರಂಗಿ ತುಂಬುವಷ್ಟರಲ್ಲಿ ಆದಿಲ್‌ಶಾಹಿ ಸೇನೆ ಮುರಿದು ನದಿಯತ್ತ ಓಡಿತು. ಹಿಂದೆ ಅಡ್ಡಲಾಗಿದ್ದ ಹೊಳೆಯಲ್ಲಿ ಅನೇಕರು ಮುಳುಗಿ ಸತ್ತರು. ನೂನಿಜ್‌ನ ಗ್ರಂಥದಲ್ಲಿ 1522 ಎಂದಿದ್ದರೂ, ಅವನು ಹೇಳುವ ವಾರ ಮತ್ತು ಅಮಾವಾಸ್ಯೆಯನ್ನು ಲೆಕ್ಕಹಾಕಿ ರಾಬರ್ಟ್ ಸಿವೆಲ್ ಈ ಕದನವನ್ನು 1520ರ ಮೇ 19ಕ್ಕೆ ನಿಗದಿಪಡಿಸಿದನು.

ಗೆದ್ದ ಸೇನೆಗೂ ಕೋಟೆ ಸುಲಭಕ್ಕೆ ಬಗ್ಗಲಿಲ್ಲ. ಗೋಡೆಯನ್ನು ಸೈನಿಕರು ಹಾರೆ–ಗುದ್ದಲಿಗಳಿಂದಲೇ ಕೀಳಬೇಕಾಯಿತು. ಕಿತ್ತು ತಂದ ಕಲ್ಲುಗಳಿಗೆ ಅವುಗಳ ಗಾತ್ರಕ್ಕೆ ತಕ್ಕಂತೆ ಹಣ ಕೊಡಲಾಗುತ್ತಿತ್ತು. ಕ್ರಿಸ್ಟೊವಾವ್ ಡಿ ಫಿಗೇರೆದೊ ಮತ್ತು ಅವನ ಪೋರ್ಚುಗೀಸ್ ಬಂದೂಕುಧಾರಿಗಳು ಗೋಡೆಯ ಮೇಲಿನ ಕಾವಲಿನವರನ್ನು ಗುರಿಯಿಟ್ಟು ಹೊಡೆಯತೊಡಗಿದ ಮೇಲೆ ಕೆಲಸ ವೇಗ ಪಡೆಯಿತು. ಕೋಟೆಯ ಅಧಿಪತಿ ಗುಂಡೇಟಿಗೆ ಬಿದ್ದನು; ಒಳಗಿನವರು ಶರಣಾದರು. ತನ್ನ ಪಾದಕ್ಕೆ ಮುತ್ತಿಟ್ಟರೆ ಗೆದ್ದುದನ್ನೆಲ್ಲ ಹಿಂದಿರುಗಿಸುವೆನೆಂದು ರಾಯನು ಇಸ್ಮಾಯಿಲನಿಗೆ ಹೇಳಿಕಳುಹಿಸಿದನು. ಇಸ್ಮಾಯಿಲನು ಬರಲಿಲ್ಲ.

ನಂತರದ ಕಾಲ

1529ರಲ್ಲಿ ಕೃಷ್ಣದೇವರಾಯನು ತೀರಿಕೊಂಡ ಬಳಿಕ ಬಿಜಾಪುರವು ರಾಯಚೂರನ್ನು ಮರಳಿ ಪಡೆಯಿತು. ಒಂದನೆಯ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ, 1549ರ ಸುಮಾರಿಗೆ, ನಯವಾಗಿ ಕೆತ್ತಿದ ಸಣ್ಣ ಕಲ್ಲುಗಳ ಹೊರಗೋಡೆ ಎದ್ದಿತು. 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರವು ಸೋತ ಮೇಲೆ ಎಡೆದೊರೆಯು ಗಡಿಯಾಗಿ ಉಳಿಯಲಿಲ್ಲ. ಮೊಘಲರ ತರುವಾಯ ಪ್ರದೇಶವು ಹೈದರಾಬಾದಿನ ನಿಜಾಮರಿಗೆ ಸೇರಿತು. 1853ರಲ್ಲಿ ಅವರು ಬ್ರಿಟಿಷರಿಗೆ ಬಿಟ್ಟುಕೊಟ್ಟ ದೋಆಬ್ 1860ರಲ್ಲಿ ಅವರಿಗೇ ಮರಳಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಕನ್ನಡ ನಾಡನ್ನು ಸೇರಿತು.