ಗಾಜಲ್ಲದ ಗಾಜಿನ ಇತಿಹಾಸ

ಮೋಟಾರು ಸೈಕಲ್ಲಿನ ಹ್ಯಾಂಡಲ್ ಮುಂದೆ ನಿಲ್ಲಿಸುವ ವಿಂಡ್‌ಸ್ಕ್ರೀನನ್ನು ನಾವೆಲ್ಲರೂ 'ಗಾಜು' ಎಂದೇ ಕರೆಯುತ್ತೇವೆ. ವಾಸ್ತವದಲ್ಲಿ ಅದು ಸಾಮಾನ್ಯವಾಗಿ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಪಠ್ಯ ಮುಗಿಸುವ ಅವಸರದಲ್ಲಿ ತರಗತಿಯಲ್ಲಿ ಹೇಳಲಾಗದೆ ಉಳಿದ ಸಂಗತಿಗಳಲ್ಲಿ ಇದರ ಇತಿಹಾಸವೂ ಒಂದು. ಈಗ ಬಿಡುವಿದೆ, ಹೇಳುತ್ತೇನೆ.

ಆರಂಭದ ಮೋಟಾರು ವಾಹನಗಳಲ್ಲಿ ಇದ್ದುದು ನಿಜವಾದ ಗಾಜೇ. ಅಪಘಾತವಾದರೆ ಅದರ ಚೂರುಗಳು ಕತ್ತಿಯಂತೆ ಮುಖಕ್ಕೆ ಎರಗುತ್ತಿದ್ದವು. 1909ರಲ್ಲಿ ಫ್ರಾನ್ಸಿನ ಎಡ್ವರ್ಡ್ ಬೆನೆಡಿಕ್ಟಸ್ ಎಂಬವರು ಎರಡು ಗಾಜುಗಳ ನಡುವೆ ಸೆಲ್ಯುಲಾಯ್ಡ್ ಪದರವನ್ನಿಟ್ಟು, ಒಡೆದರೂ ಚೂರು ಸಿಡಿಯದ ಗಾಜಿಗೆ ಪೇಟೆಂಟ್ ಪಡೆದರು. ಕಾರಿಗೆ ಇದು ವರವಾಯಿತು. ಆದರೆ ಎರಡು ಚಕ್ರದ ವಾಹನದ ಹ್ಯಾಂಡಲ್ಲಿಗೆ ಅಷ್ಟು ಭಾರ ಹೊರಿಸುವುದು ಸುಲಭವಲ್ಲ. ಸೆಲ್ಯುಲಾಯ್ಡ್ ಹಾಳೆಯನ್ನೇ ಬಳಸೋಣವೆಂದರೆ ಅದು ಬಿಸಿಲಿಗೆ ಹಳದಿಯಾಗುತ್ತಿತ್ತು. ಬೆಂಕಿ ತಾಗಿದರೆ ಕ್ಷಣದಲ್ಲಿ ಉರಿದುಹೋಗುತ್ತಿತ್ತು.

ಪರಿಹಾರ ದೊರೆತದ್ದು 1930ರ ದಶಕದಲ್ಲಿ. ಜರ್ಮನಿಯಲ್ಲಿ ಆಟೋ ರೋಮ್ ಅವರ ಸಂಸ್ಥೆ 1933ರಲ್ಲಿ 'ಪ್ಲೆಕ್ಸಿಗ್ಲಾಸ್' ಎಂಬ ಹೆಸರನ್ನು ನೋಂದಾಯಿಸಿತು. ಅದೇ ಕಾಲಕ್ಕೆ ಇಂಗ್ಲೆಂಡಿನ ಐ.ಸಿ.ಐ. ಸಂಸ್ಥೆಯ ರಸಾಯನ ವಿಜ್ಞಾನಿಗಳು ಅದೇ ವಸ್ತುವನ್ನು 'ಪರ್ಸ್ಪೆಕ್ಸ್' ಎಂಬ ಹೆಸರಿನಲ್ಲಿ ತಂದರು. ಇದೇ ಅಕ್ರಿಲಿಕ್. ತೂಕ ಗಾಜಿನ ಅರ್ಧದಷ್ಟು ಮಾತ್ರ. ಸುಮಾರು 150 ಡಿಗ್ರಿಗೆ ಕಾಯಿಸಿದರೆ ಬಿಸಿ ರೊಟ್ಟಿಯಂತೆ ಬಾಗುತ್ತದೆ, ಆರಿದ ಮೇಲೆ ಬಾಗಿದಂತೆಯೇ ನಿಲ್ಲುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್, ಹರಿಕೇನ್ ಯುದ್ಧವಿಮಾನಗಳ ಚಾಲಕರ ತಲೆಯ ಮೇಲಿದ್ದ ಪಾರದರ್ಶಕ ಛಾವಣಿ ಇದರದೇ.

1940ರ ಆಗಸ್ಟ್‌ನಲ್ಲಿ ಗಾರ್ಡನ್ ಕ್ಲೀವರ್ ಎಂಬ ಚಾಲಕನ ಹರಿಕೇನ್ ವಿಮಾನದ ಛಾವಣಿ ಗುಂಡೇಟಿಗೆ ಒಡೆದು, ಪರ್ಸ್ಪೆಕ್ಸ್ ಚೂರುಗಳು ಆತನ ಕಣ್ಣುಗಳನ್ನು ಹೊಕ್ಕವು. ಒಂದು ಕಣ್ಣು ಹೋಯಿತು. ಇನ್ನೊಂದರಲ್ಲಿ ಚೂರುಗಳು ಉಳಿದರೂ ಕಣ್ಣು ಅವುಗಳನ್ನು ತಿರಸ್ಕರಿಸಲಿಲ್ಲ. ಇದನ್ನು ಗಮನಿಸಿದ ನೇತ್ರವೈದ್ಯ ಹೆರಾಲ್ಡ್ ರಿಡ್ಲಿ, ಕಣ್ಣು ಸಹಿಸಿಕೊಳ್ಳುವ ಈ ವಸ್ತುವಿನಿಂದ ಮಸೂರವನ್ನೇ ಮಾಡಬಾರದೇಕೆ ಎಂದು ಯೋಚಿಸಿದರು. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಪೊರೆ ಬಂದ ಕಣ್ಣಿಗೆ ಅಂತಹ ಮಸೂರಕ್ಕಾಗಿ ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. ಸಹವೈದ್ಯರಲ್ಲಿ ಅನೇಕರು ದಶಕಗಳ ಕಾಲ ಅದನ್ನು ವಿರೋಧಿಸಿದರು. 2000ದಲ್ಲಿ ರಿಡ್ಲಿಯವರಿಗೆ ನೈಟ್ ಪದವಿ ಸಂದಿತು.

ಯುದ್ಧ ಮುಗಿದ ಬಳಿಕ ಈ ಹಾಳೆ ಜನಸಾಮಾನ್ಯರ ಕೈಗೂ ಬಂತು. 1953ರಲ್ಲಿ ಇನ್ನಷ್ಟು ಗಟ್ಟಿಯಾದ ಪಾಲಿಕಾರ್ಬೊನೇಟನ್ನು ಜರ್ಮನಿಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಡೇನಿಯಲ್ ಫಾಕ್ಸ್ ಪರಸ್ಪರ ಅರಿಯದೆಯೇ ಕಂಡುಹಿಡಿದರು.

ಇನ್ನು ನಮ್ಮ ನಾಡಿಗೆ ಬರೋಣ. 1961ರಿಂದ ಜಾವಾ, ಅನಂತರ ಯೆಜ್ಡಿ ಗಾಡಿಗಳನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿಗಳು ಉಳಿದವು, ಬಿಡಿಭಾಗಗಳು ವಿರಳವಾದವು. ತಂದೆಯ ಯೆಜ್ಡಿಯನ್ನು ಜತನದಿಂದ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಸೀಳಿದ ವಿಂಡ್‌ಸ್ಕ್ರೀನಿಗೆ ಬದಲಿಯನ್ನು ಮನೆಯಲ್ಲೇ ಮಾಡಿದ. ಅವನು ಅನುಸರಿಸಿದ ಕ್ರಮವಿದು.

ಹಳೆಯದನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದು, ರಟ್ಟನ್ನು ನಡುವೆ ಮಡಿಸಿ ಕತ್ತರಿಸಿದ. ಎರಡು ಬದಿಯೂ ಸಮನಾಯಿತು. ಒಡೆದರೆ ಅಕ್ರಿಲಿಕ್ ಚೂಪಾಗಿ ಸೀಳುತ್ತದೆಂದು 3 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಆರಿಸಿದ. ಕಾಯಿಸದೆ ಬಾಗಿಸುವುದಾದರೆ ಬಾಗಿನ ತ್ರಿಜ್ಯ ಪಾಲಿಕಾರ್ಬೊನೇಟಿನಲ್ಲಿ ದಪ್ಪದ ಸುಮಾರು 100 ಪಟ್ಟು, ಅಕ್ರಿಲಿಕ್ಕಿನಲ್ಲಿ ಸುಮಾರು 200 ಪಟ್ಟಿಗಿಂತ ಕಡಿಮೆ ಇರಬಾರದು. ಅಂದರೆ ಕ್ರಮವಾಗಿ 30 ಮತ್ತು 60 ಸೆಂಟಿಮೀಟರ್. ರಕ್ಷಣೆಯ ಹಾಳೆಯನ್ನು ಕೀಳದೆಯೇ ಸಣ್ಣ ಹಲ್ಲಿನ ಗರಗಸದಿಂದ ಕೊಯ್ದು, ಅಂಚನ್ನು ಉಪ್ಪುಕಾಗದದಿಂದ ಉಜ್ಜಿದ. ಕೆಳಗೆ ಮರದ ತುಂಡನ್ನಿಟ್ಟು ನಿಧಾನವಾಗಿ ತೂತು ಕೊರೆದ. ತೂತು ಬೋಲ್ಟಿಗಿಂತ ಕೊಂಚ ದೊಡ್ಡದಿರಬೇಕು. ಅರ್ಧ ಮೀಟರಿನ ಹಾಳೆ 30 ಡಿಗ್ರಿ ತಾಪ ಏರಿದರೆ ಸುಮಾರು ಒಂದು ಮಿಲಿಮೀಟರ್ ಹಿಗ್ಗುತ್ತದೆ. ಹಿಗ್ಗಲು ಎಡೆಯಿಲ್ಲದಿದ್ದರೆ ತೂತಿನಿಂದಲೇ ಬಿರುಕು ಹೊರಡುತ್ತದೆ. ಕೊನೆಗೆ ರಬ್ಬರ್ ವಾಷರ್ ಹಾಕಿ ಹದವಾಗಿ ಬಿಗಿದ.

ನಾನು ಅವನಿಗೆ ಹೇಳಿದ್ದು ಎರಡೇ ಮಾತು. ಪೆಟ್ರೋಲಿನಿಂದ ಒರೆಸಬೇಡ, ನೀರು, ಮೃದುವಾದ ಬಟ್ಟೆ ಸಾಕು. ಮೇಲಂಚು ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ. ಗೀರು ಬಿದ್ದ ಹಾಳೆಯ ಮೂಲಕ ನೋಡುವವನಿಗೆ ರಾತ್ರಿ ಎದುರಿನ ಲಾರಿಯ ದೀಪ ಬೆಳಕಿನ ಗೋಡೆಯಾಗುತ್ತದೆ. ಆ ಗೋಡೆಯ ಹಿಂದೆ ರಸ್ತೆ ದಾಟುತ್ತಿರುವ ಮನುಷ್ಯನಿದ್ದರೆ ಕಾಣುವುದಿಲ್ಲ. ಅಂದವಾಗಿ ಮಾಡುವುದಕ್ಕಿಂತ ಇದು ಮುಖ್ಯ.

ಓದುಗರಲ್ಲಿ ಹಿರಿಯರಾದ ಕೆಲವರ ಕಣ್ಣುಗಳಲ್ಲಿ ಇಂದು ಇದೇ ಅಕ್ರಿಲಿಕ್ ಕುಲದ ಮಸೂರವಿದೆ. ನನ್ನ ಬಲಗಣ್ಣಿನಲ್ಲಿಯೂ ಇದೆ. ಯುದ್ಧವಿಮಾನದ ಒಡೆದ ಛಾವಣಿಯನ್ನು ಒಬ್ಬರು ಶ್ರದ್ಧೆಯಿಂದ ಗಮನಿಸಿದ ಫಲವಾಗಿ ನಾನು ಈ ಸಾಲುಗಳನ್ನು ಓದಿ ತಿದ್ದಬಲ್ಲೆ.